ಚಿಪ್ ಪ್ರೋಗ್ರಾಮಿಂಗ್ ಮೆಷಿನ್‌ನಲ್ಲಿ ವೆರಿಫೈ ಸೆಟ್ಟಿಂಗ್: ಯಾವುದು ಯಾರಿಗೆ?

ಪೀಣ್ಯದಲ್ಲಿ ಆಟೋಮೇಟೆಡ್ ಪ್ರೋಗ್ರಾಮರ್ (ಚಿಪ್‌ಗಳಿಗೆ ತಾನಾಗಿ ಪ್ರೋಗ್ರಾಂ ಬರೆಯುವ ಮೆಷಿನ್) ಹಾಕಿಸಿರುವ ಗೆಳೆಯರೊಬ್ಬರು ಕೇಳಿದ್ದಾರೆ: ವೆರಿಫೈ (ಬರೆದದ್ದನ್ನು ಚಿಪ್‌ನಿಂದ ಮತ್ತೆ ಓದಿ ಫೈಲ್ ಜೊತೆ ಹೋಲಿಸುವುದು) ಒಂದು ಸಲ ಇಡಲಾ, ಎರಡು ವೋಲ್ಟೇಜ್‌ನಲ್ಲಿ ಎರಡು ಸಲ ಇಡಲಾ, ಅಥವಾ ಬರೀ ಚೆಕ್‌ಸಮ್ (ಡೇಟಾದಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಸಾಕಾ?

ಮೊದಲು ಸಮಯ. ಕೆಲವೇ ಕಿಲೋಬೈಟ್‌ನ ಮೈಕ್ರೋಕಂಟ್ರೋಲರ್ ಆದರೆ ಓದೋಕೆ ಹೆಚ್ಚು ಹೊತ್ತು ಬೇಡ. ಚಿಪ್ ಎತ್ತಿಡುವ ಮೆಷಿನ್ ಕೈಗೇ ಜಾಸ್ತಿ ಸಮಯ ಹೋಗುತ್ತದೆ. ಅಲ್ಲಿ ಎರಡನೇ ವೆರಿಫೈ ಬಹುತೇಕ ಪುಕ್ಕಟೆ, ಇಟ್ಟುಬಿಡಿ. ಗಿಗಾಬೈಟ್‌ಗಟ್ಟಲೆ ಡೇಟಾದ ಇಎಂಎಂಸಿ (ಫೋನ್‌ಗಳಲ್ಲಿ ಇರುವಂಥ ಸ್ಟೋರೇಜ್ ಚಿಪ್) ಆದರೆ ಓದುವ ಸಮಯವೇ ದುಪ್ಪಟ್ಟು. ಡೆಲಿವರಿ ಅವಸರವಿದ್ದರೆ ಒಂದು ಸಲವೇ ಸರಿ.

ನಂಬಿಕೆಯ ವಿಷಯದಲ್ಲಿ ಎರಡು ವೋಲ್ಟೇಜ್‌ನದ್ದೇ ಮೇಲುಗೈ. 3.3 ವೋಲ್ಟ್ ಚಿಪ್ಪನ್ನು ಶೇ. 5 ಕೆಳಗೆ, ಶೇ. 5 ಮೇಲೆ, ಅಂದರೆ ಸುಮಾರು 3.14 ಮತ್ತು 3.47 ವೋಲ್ಟ್‌ನಲ್ಲಿ ಓದಿದಾಗ ಅರೆಬರೆ ಬರೆದ ಮೆಮೊರಿ ಸೆಲ್ ಸಿಕ್ಕಿಬೀಳಬಹುದು. ವಾಹನಕ್ಕೋ ಆಸ್ಪತ್ರೆಯ ಉಪಕರಣಕ್ಕೋ ಹೋಗುವ ಬೋರ್ಡ್ ಆದರೆ ನಾನು ಇದನ್ನು ಬಿಡುವುದೇ ಇಲ್ಲ.

ಬರೀ ಕೂಡಿಸುವ ಚೆಕ್‌ಸಮ್ ಸಾಲದು. 12, 34 ಅನ್ನುವ ಬೈಟ್‌ಗಳು 34, 12 ಆದರೂ ಮೊತ್ತ ಅದೇ ಅಲ್ವಾ? ಬೈಟ್‌ಗಳ ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಿಆರ್‌ಸಿ ಇದನ್ನು ಹಿಡಿಯುತ್ತದೆ. ಇನ್ನು, ಬಫರ್‌ನ (ಮೆಷಿನ್‌ಗೆ ಲೋಡ್ ಆದ ಡೇಟಾದ) ಚೆಕ್‌ಸಮ್ ಫೈಲ್ ಸರಿಯೋ ಅಂತ ಮಾತ್ರ ಹೇಳುತ್ತದೆ, ಚಿಪ್ ಬಗ್ಗೆ ಅಲ್ಲ. ಅದನ್ನು ಜಾಬ್ ಶುರುವಾಗುವ ಮೊದಲು ತಾಳೆ ನೋಡಿ, ಯಾವ ಸೆಟ್ಟಿಂಗ್ ಇದ್ದರೂ.

ಬ್ಲ್ಯಾಂಕ್ ಚೆಕ್, ಅಂದರೆ ಬರೆಯುವ ಮೊದಲು ಚಿಪ್ ಖಾಲಿ ಇದೆಯಾ ಅಂತ ನೋಡುವುದು? ಕಂಪನಿಯಿಂದ ನೇರ ಬಂದ ಸೀಲ್ ಇರುವ ಚಿಪ್ ರೀಲ್‌ಗೆ ಆಫ್ ಇಡಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡ್‌ನಲ್ಲಿ ಬಿಡಿಯಾಗಿ ಕೊಂಡಿದ್ದರೆ ಆನ್ ಇರಲಿ.

ಒಂದೇ ಸಾಕೆಟ್‌ನಲ್ಲಿ (ಬರೆಯಲು ಚಿಪ್ ಕೂರಿಸುವ ಜಾಗ) ಪದೇ ಪದೇ ಫೇಲ್ ಬಂದರೆ ಸುಮ್ನೆ ಸೆಟ್ಟಿಂಗ್ ಸಡಿಲಿಸಬೇಡಿ. ಮೊದಲು ಸಾಕೆಟ್ ಕ್ಲೀನ್ ಮಾಡಿ.