ಹೊಕ್ಕೈಡೊದ ಎರಡು ಪ್ರೇಮಕಥೆಗಳು: ಮೊದಲು ಯಾವುದು?

ಜಪಾನಿನ ಪ್ರೇಮಕಥೆಗಳಿಗೆ ಹೊಸಬರಾದವರು ಸಾಮಾನ್ಯವಾಗಿ ಈ ಎರಡರ ನಡುವೆ ತೊಳಲಾಡುತ್ತಾರೆ: ಶುಂಜಿ ಇವಾಯ್ ನಿರ್ದೇಶನದ 1995ರ ಚಲನಚಿತ್ರ ‘ಲವ್ ಲೆಟರ್’ ಮತ್ತು 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಒಂಬತ್ತು ಕಂತುಗಳ ‘ಫಸ್ಟ್ ಲವ್’. ಎರಡರಲ್ಲೂ ಜಪಾನಿನ ಉತ್ತರದ ದ್ವೀಪವಾದ ಹೊಕ್ಕೈಡೊದ ಹಿಮವಿದೆ, ಶಾಲಾ ವಯಸ್ಸಿನ ಒಲವಿದೆ. ಸಾಮ್ಯ ಅಷ್ಟೇ.

‘ಲವ್ ಲೆಟರ್’ನಲ್ಲಿ, ತೀರಿಹೋದ ಭಾವಿ ಪತಿಯ ಹಳೆಯ ವಿಳಾಸಕ್ಕೆ ಹಿರೊಕೊ ಪತ್ರ ಬರೆಯುತ್ತಾಳೆ, ಹೊಕ್ಕೈಡೊದ ಒಟಾರು ಪಟ್ಟಣದಿಂದ ಉತ್ತರ ಬಂದುಬಿಡುತ್ತದೆ! ಮಿಹೊ ನಕಯಾಮಾ ಇಲ್ಲಿ ಎರಡು ಪಾತ್ರಗಳಲ್ಲಿದ್ದಾರೆ; ಮೊದಲ ಅರ್ಧ ಗಂಟೆ ಗೊಂದಲವಾದರೆ ಗಾಬರಿಯಾಗಬೇಡಿ. ಹಳೆಯ ನೆನಪಿನ ದೃಶ್ಯಗಳಲ್ಲಿ, ಶಾಲೆಯ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಪುಸ್ತಕಗಳನ್ನೇ ಹುಡುಕಿ, ಅವುಗಳ ಕಾರ್ಡಿನ ಮೇಲೆ ಹೆಸರು ಬರೆಯುವ ಹುಡುಗನನ್ನು ಮಾತ್ರ ಕಣ್ಣಿಟ್ಟು ನೋಡಿ. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತನ್ನು ಅವನು ಆಡುವುದೇ ಇಲ್ಲ. ನನ್ನ ಮತ ಇದಕ್ಕೇ.

‘ಫಸ್ಟ್ ಲವ್’ ಉದಾರವಾಗಿ ಅಳಿಸುತ್ತದೆ. ಸಪ್ಪೊರೊದಲ್ಲಿ ಟ್ಯಾಕ್ಸಿ ಓಡಿಸುವ ಯಾಎ ಆಗಿ ಹಿಕಾರಿ ಮಿತ್ಸುಶಿಮಾ ಅದ್ಭುತ. ಜಪಾನಿನ ಪಾಪ್ ತಾರೆ ಉತಾದಾ ಹಿಕಾರು ಅವರ ಹಾಡು ಕೇಳಿದೊಡನೆ ಗಂಟಲು ಕಟ್ಟುತ್ತದೆ. ಆದರೆ ಅಪಘಾತ, ಮರೆವು, ಅಗಲಿಕೆ ಎಲ್ಲವೂ ಒಂದೇ ಕಥೆಯಲ್ಲಿ! ನಮ್ಮ ಧಾರಾವಾಹಿಗಳಲ್ಲಿ ಇದನ್ನೆಲ್ಲ ಕಂಡು ರೋಸಿಹೋದವರು ಹುಬ್ಬು ಗಂಟಿಕ್ಕಬಹುದು.

ಒಂದೇ ಸಂಜೆ ಬಿಡುವಿದ್ದರೆ ಇವಾಯ್. ವಾರಾಂತ್ಯ ಪೂರ್ತಿ ಖಾಲಿಯಿದ್ದು, ಕಣ್ಣೀರಿಗೆ ಸಂಕೋಚವಿಲ್ಲದಿದ್ದರೆ ಯಾಎಯ ಟ್ಯಾಕ್ಸಿ ಹತ್ತಿ.