ಕೈಯಿಂದ ಮಾಡಿದ ವಸ್ತುಗಳ ಆನ್‌ಲೈನ್ ಅಂಗಡಿ: ವರ್ಷಗಟ್ಟಲೆ ಮಾರಿ, ಕೊಂಡು ನೋಡಿದವರ ಮಾತು

ಎಲ್ಲೋ ಒಂದು ಚಂದದ ಕ್ರೋಶಾ ಬ್ಯಾಗ್ ಕಾಣಿಸುತ್ತದೆ. ಮಾಡಿದವರ ಹೆಸರು ಒತ್ತಿ ಅಂಗಡಿ ಒಳಗೆ ಹೋದರೆ ಏನೂ ಇಲ್ಲ. ‘ಸದ್ಯಕ್ಕೆ ಯಾವ ವಸ್ತುವೂ ಇಲ್ಲ’ ಅಂತ ಒಂದು ಸಾಲು, ಅದರ ಕೆಳಗೆ ಹಳೇ ರಿವ್ಯೂಗಳು, ಅವೆಲ್ಲ ಬರೀ ಹೊಗಳಿಕೆ. ಇಂಥ ತಾಣಗಳಲ್ಲಿ ಸುತ್ತಾಡುವವರಿಗೆ ಇದು ಹೊಸದೇನಲ್ಲ. ವ್ಯಾಪಾರ ಆಗಿಲ್ಲ, ಬೇಸತ್ತು ಬಿಟ್ಟಿದ್ದಾರೆ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಎಷ್ಟೋ ಅಂಗಡಿಗಳು ಖಾಲಿಯಾಗಿರುವುದು ಚೆನ್ನಾಗಿ ಮಾರಿದ್ದಕ್ಕೇ. ಇದನ್ನು ಹೇಳಬೇಕು ಅಂತಲೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಕ್ರೋಶಾ ಬ್ಯಾಗ್, ಪೌಚ್ ಮಾಡುತ್ತೇನೆ. ಹಾಗೆಯೇ ಬೇರೆಯವರು ಮಾಡಿದ್ದನ್ನು ಕೊಳ್ಳುವ ಚಟವೂ ಇದೆ. ನನ್ನ ಅಂಗಡಿ ಇರುವುದು ಎಟ್ಸಿಯಲ್ಲಿ (ಕೈಯಿಂದ ಮಾಡಿದ್ದನ್ನು ಮಾರುವ ಅಮೆರಿಕದ ದೊಡ್ಡ ತಾಣ) ಅಲ್ಲ, ಅದೇ ಮಾದರಿಯ ಒಂದು ಚಿಕ್ಕ ತಾಣದಲ್ಲಿ. ಅದರ ಹೆಸರು ಬೇಡ ಬಿಡಿ. ಆದರೆ ಎಟ್ಸಿ ಎಲ್ಲರಿಗೂ ಗೊತ್ತು, ಅದರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು. ಹಾಗಾಗಿ ಲೆಕ್ಕಗಳನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ.

ಮೊದಲು ಸುಲಭದ ಕಾರಣ. ಎಟ್ಸಿಯಲ್ಲಿ ಒಂದು ವಸ್ತುವನ್ನು ಪಟ್ಟಿಗೆ ಹಾಕಲು 20 ಅಮೆರಿಕನ್ ಸೆಂಟ್. ಹಾಕಿದ್ದು 4 ತಿಂಗಳು ಇರುತ್ತದೆ. ಅಷ್ಟರಲ್ಲಿ ಮಾರಾಟ ಆಗದಿದ್ದರೆ, ತಾನಾಗಿ ನವೀಕರಣ ಆಗುವ ಆಯ್ಕೆ ಒತ್ತಿರದಿದ್ದರೆ, ಅದು ಮರೆಯಾಗುತ್ತದೆ. ಮತ್ತೆ ಬೇಕಂದರೆ ಮತ್ತೆ 20 ಸೆಂಟ್. ಆದರೆ ಸಾಮಾನ್ಯ ಅಂಗಡಿಗೆ ತಿಂಗಳ ಬಾಡಿಗೆ ಅಂತ ಇಲ್ಲ. ಬೀದಿಯಲ್ಲಿನ ಅಂಗಡಿಯಾದರೆ ಬಾಡಿಗೆ ಕಟ್ಟಲಾಗದೆ ಬೋರ್ಡ್ ಇಳಿಸಿ ಬೀಗದ ಕೈ ಕೊಟ್ಟು ಹೋಗಲೇಬೇಕು. ಇಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಮಾಡಿದವರು ಬೇರೆ ಕೆಲಸಕ್ಕೆ ಸೇರಿ, ಮಕ್ಕಳು ಮರಿ ಅಂತ ಆಗಿ, ಪಾಸ್‌ವರ್ಡ್ ಕೂಡ ಮರೆತಿರಬಹುದು. ಅಂಗಡಿ ಮಾತ್ರ ಬೋರ್ಡ್ ಸಮೇತ ಹಾಗೇ ಇರುತ್ತದೆ. ನೀವು ನೋಡುವ ಖಾಲಿ ಅಂಗಡಿಗಳಲ್ಲಿ ಒಂದು ಪಾಲು ಇಂಥವು.

ಇನ್ನೊಂದು ಪಾಲಿನ ಕಥೆ ಬೇರೆ. ಒಂದು ಬ್ಯಾಗ್ ಹೆಣೆದು ಮುಗಿಸಿದ ಮೇಲೆ ಏನೇನು ಕೆಲಸ ಇದೆ ನೋಡಿ. ಕಿಟಕಿ ಪಕ್ಕ ಬೆಳಕು ಚೆನ್ನಾಗಿರುವ ಹೊತ್ತಿಗೆ ಫೋಟೋ ತೆಗೆಯಬೇಕು. ಕಡುಗೆಂಪು ನೂಲು ಫೋನಿನಲ್ಲಿ ಕಿತ್ತಳೆ ಆಗಿಬಿಡುತ್ತದೆ, ಅದನ್ನು ಸರಿ ಮಾಡಬೇಕು. ಒಳಗಿನ ಅಸ್ತರು, ಜಿಪ್ಪು, ಹಿಡಿಕೆ ಸೇರುವ ಜಾಗ, ಒಂದೊಂದಕ್ಕೂ ಒಂದು ಫೋಟೋ. ಉದ್ದ ಅಗಲ ಅಳೆಯಬೇಕು. ಕ್ರೋಶಾ ಜಗ್ಗುತ್ತದೆ ಅಲ್ವಾ, ಒಳಗೆ ಸಾಮಾನು ತುಂಬಿದಾಗ ಹೆಗಲ ಪಟ್ಟಿ ಎಷ್ಟು ಇಳಿಯುತ್ತದೆ ಅಂತಲೂ ಬರೆಯಬೇಕು, ಇಲ್ಲದಿದ್ದರೆ ‘ಅಂದುಕೊಂಡಿದ್ದಕ್ಕಿಂತ ಉದ್ದ’ ಅಂತ ಎರಡು ಸ್ಟಾರ್ ಬೀಳುತ್ತದೆ. ಡಬ್ಬಕ್ಕೆ ಹಾಕಿ ತೂಕ ಮಾಡಬೇಕು, ಪಾರ್ಸೆಲ್ ಖರ್ಚು ಅದರ ಮೇಲೆ ನಿಂತಿದೆ. ಆಮೇಲೆ ತಲೆಬರಹ, ಎಟ್ಸಿಯಲ್ಲಿ 140 ಅಕ್ಷರದವರೆಗೆ. ಹುಡುಕಾಟಕ್ಕೆ ಸಿಗಲಿ ಅಂತ 13 ಟ್ಯಾಗ್. ಇಷ್ಟೆಲ್ಲ ಮಾಡಿ ಹಾಕಿದ ಬ್ಯಾಗ್ ಮಾರನೇ ದಿನವೇ ಹೋಯಿತು ಅಂದುಕೊಳ್ಳಿ. ಖುಷಿಯೇ. ಆದರೆ ಫೋಟೋ, ಅಳತೆ, ವಿವರಣೆ ಎಲ್ಲವೂ ಆ ಬ್ಯಾಗಿನ ಜೊತೆಗೇ ಹೋಯಿತು.

ಮಗ್ ಮೇಲೆ ಚಿತ್ರ ಮುದ್ರಿಸಿ ಮಾರುವವರಿಗೂ ಪಟ್ಟಿಗೆ ಹಾಕುವ ಕೆಲಸ ಇಷ್ಟೇ. ಅವರದ್ದು ಅದೇ ಫೋಟೋ ಇಟ್ಟುಕೊಂಡು ಸಾವಿರ ಮಗ್ ಮಾರಬಹುದು. ತಾಣದ ವ್ಯವಸ್ಥೆ ಇಬ್ಬರಿಗೂ ಒಂದೇ, ಅದು ರೂಪುಗೊಂಡಿರುವುದು ಮಗ್ ಮಾರುವವರಿಗೆ ಸರಿಯಾಗಿ. ಒಂದೊಂದೇ ವಸ್ತು ಮಾಡುವವರ ಅಂಗಡಿ ಮಾರಿದಷ್ಟೂ ಬರಿದಾಗುತ್ತದೆ. ನನ್ನ ಪ್ರಕಾರ ಗುಟ್ಟೆಲ್ಲ ಇರುವುದು ಇಲ್ಲೇ.

‘ಅದೇ ಥರದ್ದು ಇನ್ನೊಂದು ಮಾಡಿ ಹಾಕಿ, ಹಳೇ ಫೋಟೋ ಸಾಕು’ ಅಂತ ಸುಮ್ನೆ ಹೇಳುತ್ತಾರೆ. ನೂಲಿನ ಉಂಡೆ ಸುತ್ತಿದ ಚೀಟಿ ನೋಡಿ, ಬಣ್ಣದ ನಂಬರ್ ಬೇರೆ, ಡೈ ಲಾಟ್ ನಂಬರ್ (ಯಾವ ಬಾರಿ ಬಣ್ಣ ಹಾಕಿದ್ದು ಅನ್ನುವ ಗುರುತು) ಬೇರೆ ಇರುತ್ತದೆ. ಬಣ್ಣದ ನಂಬರ್ ಒಂದೇ ಆಗಿದ್ದರೂ ಬೇರೆ ಬಾರಿ ಬಣ್ಣ ಹಾಕಿದ ನೂಲು ಒಂದು ಚೂರು ಬೇರೆ ಕಾಣುತ್ತದೆ. ಎರಡು ಲಾಟಿನ ನೂಲನ್ನು ಒಂದೇ ಬ್ಯಾಗಿಗೆ ಹಾಕಿದರೆ ನಡುವೆ ಗೆರೆ ಎಳೆದ ಹಾಗೆ ತಿಳಿಯುತ್ತದೆ. ಹಳೇ ಫೋಟೋ ನೋಡಿ ಕೊಂಡವರಿಗೆ ಹೊಸ ಲಾಟಿನದ್ದು ಕಳಿಸಿದರೆ ‘ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ’ ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ಮರ, ಜೇಡಿಮಣ್ಣು, ಚರ್ಮದ ಕೆಲಸ ಮಾಡುವವರಿಗಂತೂ ಈ ತಲೆನೋವು ಇನ್ನೂ ಜಾಸ್ತಿ.

ಮೇಳಗಳ ವಿಷಯ ಕೊಳ್ಳುವವರಿಗೆ ಹೊಳೆಯುವುದೇ ಇಲ್ಲ. ಇರುವುದು ಒಂದೇ ಬ್ಯಾಗ್. ಅದನ್ನು ಕರಕುಶಲ ಮೇಳಕ್ಕೆ ಒಯ್ದರೆ ಆನ್‌ಲೈನ್‌ನಿಂದ ತೆಗೆಯಲೇಬೇಕು, ಯಾಕಂದರೆ ಅಲ್ಲಿ ಒಬ್ಬರು ಕೈಗೆತ್ತಿಕೊಂಡು ದುಡ್ಡು ಕೊಡುವ ಹೊತ್ತಿಗೆ ಇಲ್ಲಿ ಇನ್ನೊಬ್ಬರು ಆರ್ಡರ್ ಒತ್ತಿರುತ್ತಾರೆ, ಆಮೇಲೆ ಆರ್ಡರ್ ರದ್ದು, ಹಣ ವಾಪಸ್, ಕೆಟ್ಟ ರಿವ್ಯೂ. ಹಾಗಾಗಿ ಮೇಳಕ್ಕೆ ಮುಂಚೆ ಇಡೀ ಅಂಗಡಿ ಖಾಲಿ ಮಾಡುತ್ತೇವೆ. ಮೇಳ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ಹಾಕೋಣ ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಮುಂದಿನ ಮೇಳ ಬಂದಿರುತ್ತದೆ.

ಅಂಗಡಿ ಸ್ವಲ್ಪ ದಿನ ಖಾಲಿ ಇದ್ದರೆ ಏನಾಯಿತು ಅಂತ ಕೇಳಬಹುದು. ಹುಡುಕಾಟದಲ್ಲಿ ಮೇಲೆ ಬರುವುದಕ್ಕೆ ಈಚಿನ ಮಾರಾಟ, ರಿವ್ಯೂ, ಬೇಗ ಉತ್ತರಿಸುವುದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಎಟ್ಸಿ 2021ರಲ್ಲಿ ಒಳ್ಳೇ ಮಾರಾಟಗಾರರನ್ನು ಗುರುತಿಸುವ ‘ಸ್ಟಾರ್ ಸೆಲ್ಲರ್’ ಬ್ಯಾಡ್ಜ್ ತಂದಾಗ 24 ಗಂಟೆಯೊಳಗೆ ಉತ್ತರ, ಅದೂ ನೂರಕ್ಕೆ 95 ಸಂದೇಶಗಳಿಗೆ, ಅಂತ ಷರತ್ತು ಇಟ್ಟಿತು. ಒಬ್ಬರೇ ಹೆಣೆದು, ಒಬ್ಬರೇ ಪ್ಯಾಕ್ ಮಾಡಿ, ಒಬ್ಬರೇ ಕೊರಿಯರ್‌ಗೆ ಓಡುವವರಿಗೆ ಜ್ವರ ಬಂದರೆ? ನಮ್ಮ ತಾಣದಲ್ಲಿ ನಾನೊಮ್ಮೆ ಅಂಗಡಿಗೆ ರಜೆ ಹಾಕಿ ವಾಪಸ್ ಬಂದೆ. ನೋಡುವವರ ಸಂಖ್ಯೆ ಬಿದ್ದದ್ದು ಬಹಳ ಕಾಲ ಮೇಲೆ ಏಳಲೇ ಇಲ್ಲ. ಯಾಕೆ ಅಂತ ಸಹಾಯ ಕೇಂದ್ರಕ್ಕೆ ಬರೆದರೆ ‘ಫೋಟೋಗಳನ್ನು ಇನ್ನಷ್ಟು ಆಕರ್ಷಕವಾಗಿ ತೆಗೆಯಿರಿ’ ಅಂತ ಉತ್ತರ. ಅದೇ ಫೋಟೋಗಳಿಗೆ ರಜೆಗೆ ಮುಂಚೆ ಗಿರಾಕಿಗಳು ಬರುತ್ತಿದ್ದರು ಸ್ವಾಮಿ!

ಕಮಿಷನ್ ಬಗ್ಗೆ ಎಲ್ಲರೂ ಬೈಯುತ್ತಾರೆ. ಎಟ್ಸಿಯಲ್ಲಿ ಶೇ 3.5 ಇದ್ದದ್ದು 2018ರಲ್ಲಿ ಶೇ 5 ಆಯಿತು, ಪಾರ್ಸೆಲ್ ಖರ್ಚಿನ ಮೇಲೂ ಹಾಕಲು ಶುರು ಮಾಡಿದರು. 2022ರ ಏಪ್ರಿಲ್‌ನಲ್ಲಿ ಶೇ 6.5. ಆಗ 11ನೇ ತಾರೀಖಿನಿಂದ ಒಂದು ವಾರ ಸಾವಿರಾರು ಮಾರಾಟಗಾರರು ಬೇಕಂತಲೇ ಅಂಗಡಿಗೆ ರಜೆ ಹಾಕಿ ಮುಷ್ಕರ ಮಾಡಿದರು. ಎಟ್ಸಿ ಹೊರಗಿನ ತಾಣಗಳಲ್ಲಿ ಹಾಕುವ ಜಾಹೀರಾತಿನ ಮೂಲಕ ಮಾರಾಟ ಆದರೆ ಸಣ್ಣ ಅಂಗಡಿಗಳಿಂದ ಇನ್ನೂ ಶೇ 15 ಹಿಡಿಯುತ್ತಾರೆ, ಬೇಡ ಅಂದರೆ ಬಿಡಿಸಿಕೊಳ್ಳಬಹುದು. ವರ್ಷಕ್ಕೆ 10,000 ಡಾಲರ್ ದಾಟಿದ ಅಂಗಡಿಗೆ ಅದು ಶೇ 12, ಆದರೆ ಬಿಡಿಸಿಕೊಳ್ಳುವ ಹಾಗಿಲ್ಲ. ಇದೆಲ್ಲ ಭಾರವೇ. ಆದರೂ ಬರೀ ಕಮಿಷನ್‌ನಿಂದ ಅಂಗಡಿ ಖಾಲಿಯಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಕಮಿಷನ್ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ, ಬೆಲೆಯಲ್ಲಿ ಸೇರಿಸಬಹುದು. ಫೋಟೋ, ಅಳತೆ, ಉತ್ತರ ಬರೆಯುವ ಗಂಟೆಗಳನ್ನು ಯಾವ ಬೆಲೆಯಲ್ಲಿ ಸೇರಿಸುವುದು?

ಬೆಲೆ ಏರಿಸಿದರೆ ಪಕ್ಕದಲ್ಲೇ ಅಗ್ಗದ್ದು ಕಾಣುತ್ತದೆ. 2013ರಲ್ಲಿ ಎಟ್ಸಿ ನಿಯಮ ಬದಲಿಸಿ, ಹೊರಗಿನ ತಯಾರಕರ ಸಹಾಯ ಪಡೆಯಬಹುದು ಅಂದಾಗಲೇ ‘ಕೈಯಿಂದ ಮಾಡಿದ್ದು’ ಅನ್ನುವುದರ ಬೇಲಿ ಸಡಿಲವಾಯಿತು. ನಡುವೆ ಒಂದು ಮಾತು: ಕ್ರೋಶಾ ಹೆಣೆಯುವ ಕಾರ್ಖಾನೆ ಯಂತ್ರ ಇಲ್ಲ. ಹಾಗಾದರೆ ರಾಶಿ ರಾಶಿ ಬರುವ ಆ ಅಗ್ಗದ ಕ್ರೋಶಾ ಟಾಪುಗಳನ್ನೂ ಯಾರೋ ಕೈಯಲ್ಲೇ ಹೆಣೆದಿದ್ದಾರೆ. ಅವರಿಗೆ ಎಷ್ಟು ಸಿಕ್ಕಿರಬಹುದು ಅಂತ ಯೋಚಿಸಿ.

ಇನ್ನು ತಾಣವೇ ಮುಚ್ಚುವುದೂ ಉಂಟು. ಜರ್ಮನಿಯ ದಾವಾಂಡಾ 2018ರ ಆಗಸ್ಟ್ ಕೊನೆಗೆ ನಿಂತಿತು. ಎಟ್ಸಿಗೆ ಹೋಗಿ ಅಂತ ತನ್ನ ಮಾರಾಟಗಾರರಿಗೆ ತಾನೇ ದಾರಿ ತೋರಿಸಿತು. ಒಂದು ಕಡೆ ಕಷ್ಟಪಟ್ಟು ಕಟ್ಟಿದ ಅಂಗಡಿಯನ್ನು ಇನ್ನೊಂದು ಕಡೆ ಮೊದಲಿನಿಂದ ಜೋಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಒಳ್ಳೆಯದು ಏನೂ ಇಲ್ಲವಾ? ಇದೆ. ಎಲ್ಲೋ ದೂರದಲ್ಲಿ ಕೂತವರು, ನಾನು ಯಾರು ಅಂತ ಗೊತ್ತಿಲ್ಲದವರು, ನಂಬಿ ದುಡ್ಡು ಕೊಡುತ್ತಾರೆ. ಆ ನಂಬಿಕೆ ನನ್ನಿಂದ ಬಂದದ್ದಲ್ಲ, ತಾಣದ ಪಾವತಿ ವ್ಯವಸ್ಥೆಯಿಂದ ಬಂದದ್ದು. ಹಣ ಹೇಳಿದ ದಿನಕ್ಕೆ ಬರುತ್ತದೆ. ಬೇರೆಲ್ಲೂ ಸಿಗದ ವಿಚಿತ್ರ ವಸ್ತು ಹುಡುಕುವವರು ಇಲ್ಲಿಗೇ ಬರುತ್ತಾರೆ.

ಕೊಳ್ಳುವವರಿಗೆ ಹೇಳುವುದಾದರೆ, ಖಾಲಿ ಅಂಗಡಿ ಕಂಡ ಕೂಡಲೇ ಹಿಂದೆ ಹೋಗಬೇಡಿ. ಕೊನೆಯ ರಿವ್ಯೂ ತಾರೀಖು ನೋಡಿ. ಅದು ಈಚಿನದಾಗಿದ್ದರೆ ಒಳಗೆ ಜನ ಇದ್ದಾರೆ ಅಂತಲೇ ಲೆಕ್ಕ. ‘ಇಂಥದ್ದು ಮತ್ತೆ ಮಾಡ್ತೀರಾ, ಎಷ್ಟು ದಿನ ಬೇಕು’ ಅಂತ ಒಂದು ಸಾಲು ಬರೆಯಿರಿ. ನಾನು ಕೊಂಡ ಒಳ್ಳೇ ವಸ್ತುಗಳಲ್ಲಿ ಕೆಲವು ಹೀಗೆ ಕೇಳಿ ಪಡೆದವೇ. ಕೊನೆಯ ರಿವ್ಯೂ ವರ್ಷಗಳ ಹಿಂದಿನದಾಗಿದ್ದು, ಆದರೂ ಒಂದೆರಡು ವಸ್ತು ಮಾರಾಟಕ್ಕೆ ಕಾಣುತ್ತಿದ್ದರೆ ಹುಷಾರು. ಅವು ತಾನಾಗಿ ನವೀಕರಣ ಆಗುತ್ತಿರಬಹುದು, ಮಾಡಿದವರಿಗೇ ನೆನಪಿರಲಿಕ್ಕಿಲ್ಲ. ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿ.

ತಾಣದವರಿಗೆ ನಾನು ಎಷ್ಟೋ ಸಲ ಕೇಳಿದ್ದು ಒಂದೇ. ಮಾರಿದ ವಸ್ತುಗಳ ಫೋಟೋಗಳನ್ನು ಅಂಗಡಿಯ ಮುಂದೆಯೇ ಇರಲು ಬಿಡಿ, ಕೆಳಗೆ ‘ಕೇಳಿದರೆ ಮಾಡಿಕೊಡುತ್ತೇನೆ’ ಅಂತ ಒಂದು ಬಟನ್ ಕೊಡಿ. ‘ಸಲಹೆಗೆ ಧನ್ಯವಾದ’ ಅಂತ ಪ್ರತಿ ಸಲವೂ ತಪ್ಪದೆ ಉತ್ತರ ಬರುತ್ತದೆ. ಆ ಬಟನ್ ಬರುವವರೆಗೆ ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಹಣ ಸರಿಯಾಗಿ ಬರುವುದಕ್ಕೇ.