ಅವ್ವನ ಮೊಬೈಲಿಗೆ ಆಂಟೆನಾಪಾಡ್

ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ದಿನಾ ರೈಲಿನಲ್ಲೇ ಓಡಾಟ. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಅಂತ ನಿಂತು ನಿಂತು ಹೋಗುವ ಗಾಡಿಯಲ್ಲಿ ಸೀಟು ಸಿಕ್ಕಿದರೆ ಪುಣ್ಯ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಬ್ಯಾಗು. ವಿಡಿಯೊ ನೋಡುವುದೆಲ್ಲ ಆಗದ ಮಾತು, ಕಿವಿಯೊಂದೇ ಖಾಲಿ. ಅದಕ್ಕೇ ಪಾಡ್‌ಕಾಸ್ಟ್, ಅಂದರೆ ಇಂಟರ್ನೆಟ್‌ನಲ್ಲಿ ಸಿಗುವ, ಬೇಕಾದಾಗ ಕೇಳುವ ಮಾತಿನ ಕಾರ್ಯಕ್ರಮ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ನಿಂತಾಗ ಜೊತೆಯಲ್ಲಿ ಓಡಾಡುವ ಗೆಳೆಯರೊಬ್ಬರು ಆಂಟೆನಾಪಾಡ್ ಅನ್ನುವ ಪಾಡ್‌ಕಾಸ್ಟ್ ಕೇಳುವ ಆ್ಯಪ್ ಹಾಕಿಕೊಟ್ಟರು. ಆವತ್ತಿನಿಂದ ಅದೇ.

ಆಂಡ್ರಾಯ್ಡ್ ಫೋನಿಗೆ ಮಾತ್ರ ಇದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಇಲ್ಲ, ಆ್ಯಪ್ ಕಡೆಯಿಂದ ಜಾಹೀರಾತೂ ಇಲ್ಲ. ಸ್ವಯಂಸೇವಕರು ನಡೆಸುವ, ಕೋಡ್ ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಆ್ಯಪ್. ರಾತ್ರಿ ಮನೆಯ ವೈಫೈನಲ್ಲಿ ಎಪಿಸೋಡ್ ಇಳಿಸಿಟ್ಟುಕೊಂಡರೆ ದಾರಿಯಲ್ಲಿ ನೆಟ್‌ವರ್ಕ್ ಹೋದರೂ ಮಾತು ನಿಲ್ಲುವುದಿಲ್ಲ. ಎಳೆದೆಳೆದು ಮಾತಾಡುವವರ ಮಾತಿನ ವೇಗವನ್ನು ಸ್ವಲ್ಪ ಹೆಚ್ಚಿಸಬಹುದು. ನನ್ನಂಥ ಹಳೇ ಕೇಳುಗನ ಲೆಕ್ಕದಲ್ಲಿ ಐದಕ್ಕೆ ಐದು.

ಹೊಸಬರಿಗೆ ಹೇಗೆ ಅನ್ನುವುದು ಗೊತ್ತಾಗಿದ್ದು ಅವ್ವನ ಮೊಬೈಲಿಗೆ ಹಾಕಿಕೊಟ್ಟ ಮೇಲೆ.

ಅವ್ವ ಬೆಳಿಗ್ಗೆ ಒಲೆಗಿಂತ ಮೊದಲು ಮೈಸೂರು ಆಕಾಶವಾಣಿ ಹಚ್ಚುತ್ತಿದ್ದವಳು. (1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ್ದು. ಕೇಳುವ ಚಟ ನಮ್ಮ ಕಡೆಗೆ ಹೊಸದೇನಲ್ಲ.) ಪಾಡ್‌ಕಾಸ್ಟ್ ಅಂದ ಕೂಡಲೇ ಅವಳು ಕೇಳಿದ್ದು, "ಎಷ್ಟ್ ಗಂಟೆಗ್ ಬತ್ತದೆ ಮಗಾ?"

ನೀನು ಯಾವಾಗ ಒತ್ತಿದರೆ ಆವಾಗ ಅಂದೆ. ನಂಬಲಿಲ್ಲ.

ಆ್ಯಪ್‌ನಲ್ಲಿ ಹೊಸದನ್ನು ಹುಡುಕುವ ಪುಟಕ್ಕೆ ಹೋದರೆ ಆ್ಯಪಲ್ ಕಂಪನಿಯ ಐಟ್ಯೂನ್ಸ್‌ನ ಜನಪ್ರಿಯ ಪಟ್ಟಿ ಕಾಣುತ್ತದೆ. ದೇಶ ಆರಿಸಿಕೊಳ್ಳಬಹುದು. ಭಾರತ ಅಂತ ಇಟ್ಟೆ. ನಾನು ನೋಡಿದ ದಿನ ಕಂಡಿದ್ದು ಬರೀ ಹಿಂದಿ, ಇಂಗ್ಲಿಷು. ಸರಿ, ಹೆಸರು ಟೈಪ್ ಮಾಡೋಣ ಅಂದರೆ ಇನ್ನೊಂದು ತಾಪತ್ರಯ. ಪಾಡ್‌ಕಾಸ್ಟ್ ಮಾಡಿದವರು ಹೆಸರನ್ನು ಹೇಗೆ ಬರೆದಿದ್ದಾರೋ ಹಾಗೆ ಹುಡುಕಬೇಕು. ಕನ್ನಡ ಪಾಡ್‌ಕಾಸ್ಟೇ ಆದರೂ ಎಷ್ಟೋ ಜನ ಹೆಸರು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. 'ಕಥೆ' ಅನ್ನಲು ಒಬ್ಬರು ಟಿ ಜೊತೆ ಎಚ್ ಹಾಕುತ್ತಾರೆ, ಇನ್ನೊಬ್ಬರು ಬರೀ ಟಿ. ಕನ್ನಡದಲ್ಲಿ ಟೈಪ್ ಮಾಡಿದರೆ ಅವರು ಸಿಗುವುದಾದರೂ ಹೇಗೆ? ಇದು ಆ್ಯಪ್‌ನ ತಪ್ಪಲ್ಲ ಬಿಡಿ. ಆದರೆ ಹೆಸರಿನ ಪಕ್ಕ, ವಿವರದಲ್ಲಿ ನಾಲ್ಕು ಸಾಲು ಕನ್ನಡ ಹಾಕಲು ಪಾಡ್‌ಕಾಸ್ಟ್ ಮಾಡುವವರಿಗೆ ಏನು ಖರ್ಚು? ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವಳಂಥವರೇ ಅಲ್ವಾ ಜಾಸ್ತಿ ಹೊತ್ತು ಕೂತು ಕೇಳುವವರು?

ಮೊದಲ ಸಲ ನಾನೂ ಎಡವಟ್ಟು ಮಾಡಿದೆ. ನನಗೆ ಇಷ್ಟವಾದ ಒಂದೂಕಾಲು ಗಂಟೆಯ ಮಾತುಕತೆ ಹಾಕಿಕೊಟ್ಟೆ. ಹತ್ತು ನಿಮಿಷಕ್ಕೆ ಅವ್ವ ಕುರ್ಚಿಯಲ್ಲೇ ನಿದ್ದೆ. ಮಾರನೇ ದಿನ ಸಂತೆಯ ಮೇಲಿನ ಹದಿನೆಂಟು ನಿಮಿಷದ ಕಥೆಯೊಂದನ್ನು ಇಳಿಸಿದೆ. ಶುರುವಿನ ಪರಿಚಯದ ಮಾತು ದಾಟಿಸಿ, ಎತ್ತಿನ ಚೌಕಾಸಿ ಬರುವ ಕಡೆಗೆ ತಂದು ನಿಲ್ಲಿಸಿ ಕೊಟ್ಟೆ. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. "ಅಯ್ಯೋ, ಮೋಸ ಹೋದ ಕಣ್ಲಾ ಅವ್ನು!" ಅಂತ ನಕ್ಕಳು.

ಅವಳ ಫೋನಿನ ಮುಖಪುಟದಲ್ಲಿ ಈಗ ಆಂಟೆನಾಪಾಡ್‌ನ ವಿಜೆಟ್, ಅಂದರೆ ಆ್ಯಪ್ ತೆರೆಯದೆ ಒತ್ತುವ ಪುಟ್ಟ ಪಟ್ಟಿ ಇದೆ. ಒತ್ತುವುದಕ್ಕೆ ಒಂದೇ ಗುಂಡಿ. ಆ್ಯಪ್ ಒಳಗೆ ಹೋಗುವುದೇ ಬೇಡ. ಮೆನುವಿನಲ್ಲಿ ಏನೇನಿದೆ ಅಂತ ಹೊಸಬರಿಗೆ ತೋರಿಸಲು ಹೋಗಬೇಡಿ, ಓಡಿಹೋಗುತ್ತಾರೆ.

ಇನ್ನೊಂದು ಅನುಕೂಲ ಇದೆ. ಎಪಿಸೋಡ್ ಹಂಚುವಾಗ ಎಲ್ಲಿಂದ ಕೇಳಬೇಕು ಅನ್ನುವ ಸಮಯವನ್ನೂ ಸೇರಿಸಬಹುದು. ಇಳಿಸಿಕೊಂಡ ಆಡಿಯೊ ಫೈಲನ್ನೇ ಕಳಿಸಲೂ ಬರುತ್ತದೆ. ಮದ್ದೂರಿನ ಚಿಕ್ಕಮ್ಮನಿಗೆ ಹಾಗೇ ವಾಟ್ಸಾಪ್ ಮಾಡಿದೆ, ಆ್ಯಪ್ ಇಲ್ಲದೆಯೇ ಕೇಳಿದರು. ಆದರೆ ಹೀಗೆ ಫೈಲು ದಾಟಿಸಿದರೆ ಪಾಡ್‌ಕಾಸ್ಟ್ ಮಾಡಿದವರ ಡೌನ್‌ಲೋಡ್ ಲೆಕ್ಕಕ್ಕೆ ಚಿಕ್ಕಮ್ಮ ಸೇರುವುದಿಲ್ಲ. ಪಾಪ, ಅವರಿಗೂ ಕೇಳುಗರು ಎಷ್ಟು ಅಂತ ಗೊತ್ತಾಗಬೇಕಲ್ಲ. ಅದಕ್ಕೇ ಚಿಕ್ಕಮ್ಮನಿಗೆ ಫೈಲಿನ ಕೆಳಗೆ ಲಿಂಕನ್ನೂ ಹಾಕಿದೆ.

ಹೊಸಬರು ತಾವೇ ಹುಡುಕಿಕೊಳ್ಳುವ ವಿಷಯಕ್ಕೆ ಐದಕ್ಕೆ ಎರಡು ಕೊಡುತ್ತೇನೆ. ಪಕ್ಕದಲ್ಲಿ ಕೂತು ಹಾಕಿಕೊಡುವವರು ಇದ್ದರೆ ನಾಲ್ಕು.

ಮೊನ್ನೆ ಭಾನುವಾರ ಅವ್ವ, "ಆ ಸಂತೆ ಕತೆ ಇತ್ತಲ್ಲ, ಅಂಥದ್ದು ಇನ್ನೊಂದ್ ಹುಡ್ಕೊಡು" ಅಂದಳು. 'ಕಥೆ'ಯನ್ನು ಎಚ್ ಹಾಕಿ ನೋಡಿದೆ, ಎಚ್ ಬಿಟ್ಟು ನೋಡಿದೆ. ಮೂರನೇ ಸ್ಪೆಲಿಂಗಿಗೆ ಒಂದು ಸಿಕ್ಕಿದೆ. ನಾಳೆ ರೈಲಿನಲ್ಲಿ ನಾನು ಮೊದಲು ಕೇಳಿ, ಆಮೇಲೆ ಅವಳಿಗೆ ಹಾಕಿಕೊಡಬೇಕು.